ಹೆಸರಿನ ಪಕ್ಕದ ತುಕ್ಕು

ಜನವರಿ 2, ಗುರುವಾರ

ಗ್ಯಾಸ್ ಸಿಲಿಂಡರ್ ಏಜೆನ್ಸಿಯವರು ಈ ಡೈರಿ ಕೊಟ್ಟರು. ಇಪ್ಪತ್ತೆರಡು ವರ್ಷದಿಂದ ಕೊಡುತ್ತಿದ್ದಾರೆ, ಇಪ್ಪತ್ತೆರಡನ್ನೂ ಹೆಂಡತಿ ತಾರವ್ವ ಒಲೆ ಹೊತ್ತಿಸಲು ಹಾಳೆ ಹಾಳೆ ಹರಿದಿದ್ದಾಳೆ. ಈ ವರ್ಷ ನಾನೇ ಬರೆಯುತ್ತೇನೆ. ನಿನ್ನೆ ಊಟದ ಹೊತ್ತಿನಲ್ಲಿ ನಾನು ಮಾತಾಡುತ್ತಿದ್ದಾಗಲೇ ಅವಳು ಎದ್ದುಹೋಗಿ ಎಮ್ಮೆಗೆ ನೀರು ಕುಡಿಸಿ ಬಂದಳು. ಯಾಕೆ ಎಂದು ಕೇಳಿದರೆ, "ನಿಮ್ಮ ಮಾತ ನನಗ ಬಾಯಿಪಾಠ ಆಗ್ಯಾವ್ರಿ. ಉಳಿದದ್ದನ್ನ ಎಮ್ಮಿ ಮುಂದ ನಾನ ಹೇಳಕೊಂಡೆ" ಅಂದಳು. ಡೈರಿ ಎದ್ದುಹೋಗುವುದಿಲ್ಲ.

ಡೈರಿಗೆ ನನ್ನ ಪರಿಚಯ ಆಗಲಿ. ಚಿಕ್ಕೋಡಿಯಿಂದ ಕಾಗವಾಡದವರೆಗೆ, ರಾಯಬಾಗದಿಂದ ಅಥಣಿಯವರೆಗೆ, ಸ್ಟೇನ್‌ಲೆಸ್ ಸ್ಟೀಲಿಗೆ ಬೆಸುಗೆ ಹಾಕುತ್ತೇವೆಂದು ಬೋರ್ಡು ಹಚ್ಚಿದವರು ನಲವತ್ತು ಮಂದಿ ಇರಬಹುದು. ಬೆಸುಗೆ ಹಾಕಲು ಬರುವವನು ಒಬ್ಬನೇ. ಅವನ ಹೆಸರು ಕಾಡಸಿದ್ದ. ಅಪ್ಪ ಕುಲುಮೆ ಮುಂದೆ ಕೂತು ಕುಡುಗೋಲು ಬಡಿಯುತ್ತಿದ್ದ, ನಾನು ಅದೇ ಜಾಗದಲ್ಲಿ ವೆಲ್ಡಿಂಗ್ ಮಷೀನು ಇಟ್ಟೆ.

ಕಳೆದ ಮೇ ತಿಂಗಳಲ್ಲಿ ಮಗಳು ಕೋಮಲಳನ್ನು ಭೋಜದ ರಾವಸಾಹೇಬರ ಮಗ ಅಮಿತನಿಗೆ ಕೊಟ್ಟೆವು. ಬೀಗರಿಗೆ ಹನ್ನೆರಡು ಎಕರೆ ಕಬ್ಬು, ಸ್ವಂತ ಬೆಲ್ಲದ ಗಾಣ. ಮದುವೆಗೆ ಎಲ್ಲರೂ ಕೊಡ, ತಾಟು, ಡಬ್ಬಿ ಕೊಡುತ್ತಾರೆ. ನಾನು ಎಂಟು ಅಡಿ ಅಗಲದ ಸ್ಟೇನ್‌ಲೆಸ್ ಕೊಪ್ಪರಿಗೆ ಕೊಟ್ಟೆ, ಕಬ್ಬಿನ ಹಾಲು ಕುದಿಸಿ ಬೆಲ್ಲ ಮಾಡಲಿಕ್ಕೆ. ಪಾತ್ರೆ-ಭಾಂಡೆ ಕೊಟ್ಟರೆ ಕೊಟ್ಟವರ ಹೆಸರು ಹಾಕಿಸುವುದು ನಮ್ಮ ಕಡೆಯ ರೂಢಿ. ಅಂಗಡಿಯಲ್ಲಿ ಕೊರೆದುಕೊಡುವ ಹೆಸರನ್ನು ಓದಲು ಕನ್ನಡಕ ಬೇಕು. ನಾನು ಗೇಣೆತ್ತರದ ಅಕ್ಷರಗಳನ್ನು ಬೆಸುಗೆಯಲ್ಲೇ ಉಬ್ಬಿಸಿ ಬರೆದೆ: ಕಾಡಸಿದ್ದ, ಚಿಕ್ಕೋಡಿ. ಅದೂ ಬೆಂಕಿ ಹಾಕುವ ಬಾಯಿಯ ಕಡೆಗೆ, ಗಾಣಕ್ಕೆ ಬಂದವರಿಗೆ ಮೊದಲು ಕಾಣುವಂತೆ. ಕೋಮಲಳ ಹೆಸರಿಗೆ ಜಾಗ ಉಳಿಯಲಿಲ್ಲ.

ಮದುವೆಯಲ್ಲಿ ಮೈಕು ಹಿಡಿದು ಹೇಳಿಯೂಬಿಟ್ಟೆ: "ಇದಕ್ಕ ತುಕ್ಕ ಹಿಡದ್ರ ನನ್ನ ಹೆಸರ ಕಾಡಸಿದ್ದ ಅಲ್ಲ." ಮುನ್ನೂರು ಮಂದಿ ಚಪ್ಪಾಳೆ ತಟ್ಟಿದರು. ಮದುವೆ ಮಾಡಿಸಿದ ಭಟ್ಟರೂ ತಟ್ಟಿದರು.

ಜನವರಿ 15, ಬುಧವಾರ

ಸಂಕ್ರಾಂತಿಯ ಕುಸುರೆಳ್ಳು ಕೊಡಲು ಭೋಜಕ್ಕೆ ಹೋಗಿದ್ದೆ. ನಿಜ ಹೇಳಬೇಕೆಂದರೆ ಸೀಜನ್ನಿನಲ್ಲಿ ಗಾಣಕ್ಕೆ ಬಂದ ಮಂದಿ ನನ್ನ ಹೆಸರು ಓದುವುದನ್ನು ನೋಡಲು ಹೋಗಿದ್ದೆ.

ಬೀಗರು ನನ್ನನ್ನು ಗಾಣದ ಕಡೆಗೆ ಬಿಡಲೇ ಇಲ್ಲ. "ಬರ್ರಿ ಬೀಗರ, ಬರ್ರಿ, ಕುಂಡ್ರ್ರಿ" ಎಂದು ಕೂರಿಸಿ ಶೇಂಗಾ ಹೋಳಿಗೆ ಹಾಕಿಸಿದರು. ಮೂರು ತಿಂದೆ. ಗಾಣ ನೋಡಿ ಬರುತ್ತೇನೆ ಎಂದರೆ, "ಅಲ್ಲಿ ಹೊಗಿ ಭಾಳ ಐತ್ರಿ, ಕಣ್ಣ ಉರೀತಾವು" ಎಂದು ಇನ್ನೆರಡು ಹಾಕಿಸಿದರು. ಮೂವತ್ತು ವರ್ಷ ವೆಲ್ಡಿಂಗ್ ನೋಡಿದ ಕಣ್ಣಿಗೆ ಹೊಗೆ ಏನು ಮಾಡುತ್ತದೆ? ಅಮಿತ ಕಾಲು ನೋಡುತ್ತಿದ್ದ. ಕೋಮಲ ಒಳಗಿಂದ ಹೊರಗೆ ಬರಲಿಲ್ಲ. ಮೊದಲೇ ಈ ರಾವಸಾಹೇಬರು ಒಂದು ಮಾತಿಗೆ ನಾಲ್ಕು ಸಲ 'ರೀ' ಹಚ್ಚುವ ಮನುಷ್ಯ, ನನಗೆ ಅವರ ಮೇಲೆ ಅಷ್ಟು ಪ್ರೀತಿಯಿಲ್ಲ. ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿತು.

ತಂಬಿಗೆ ತೆಗೆದುಕೊಂಡು ಹೊಲದ ಕಡೆ ಹೋಗುವವನ ಹಾಗೆ ಹೋಗಿ, ಕಬ್ಬಿನ ಮರೆಯಲ್ಲಿ ಸುತ್ತಿ ಗಾಣಕ್ಕೆ ಬಂದೆ. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ನನ್ನ ಹೆಸರಿನ ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದ್ದರು, ಜ್ವರ ಬಂದವರ ಹಣೆಗೆ ಬಟ್ಟೆ ಹಾಕಿದಂತೆ. ಎತ್ತಿ ನೋಡಿದೆ.

ತುಕ್ಕು.

ಅಕ್ಷರಗಳು ಬೆಳ್ಳಿಯಂತೆ ಚೆನ್ನಾಗಿಯೇ ಇವೆ. ಪ್ರತಿ ಅಕ್ಷರದ ಎರಡೂ ಪಕ್ಕಕ್ಕೆ, ಬೆಸುಗೆಯಿಂದ ಎರಡು ಕಾಳಿನಷ್ಟು ದೂರದಲ್ಲಿ, ಕೆಂಪಗೆ ಒಂದೊಂದು ಗೆರೆ. ನೂರು ಹೆಜ್ಜೆ ದೂರದಿಂದಲೂ ಓದಬಹುದು. ಗೋಣಿತಟ್ಟು ಮತ್ತೆ ಹೊದಿಸಿ ಬಂದೆ. ಬೀಗರೂ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೆಣ್ಣಿನ ಕಡೆಯವರು ಕೊಟ್ಟ ಭಾಂಡೆಯಲ್ಲಿ ದೋಷ ತೆಗೆಯಬಾರದು ಎಂಬ ಮರ್ಯಾದೆ ಅವರಿಗೆ. ನನಗೆ ತುಕ್ಕು ಕಂಡಿಲ್ಲ ಎಂಬ ಮರ್ಯಾದೆ.

ಜನವರಿ 16, ಗುರುವಾರ

ಬಾವಿ ನೀರಿನ ಉಪ್ಪು. ಕಬ್ಬಿನ ಹಾಲಿನ ಹೊಲಸು ತೆಗೆಯಲು ಹಾಕುವ ಬೆಂಡೆ ಗಿಡದ ಲೋಳೆ. ಇಟ್ಟಂಗಿ ಪುಡಿ ಹಚ್ಚಿ ತಿಕ್ಕುವ ಆಳುಗಳು. ಮುನ್ನೂರು ಮಂದಿಯ ದೃಷ್ಟಿ, ಅದರಲ್ಲೂ ಆ ಭಟ್ಟರದು. ತುಕ್ಕಿಗೆ ಕಾರಣ ಇವುಗಳಲ್ಲಿ ಯಾವುದಾದರೂ ಇರಬಹುದು. ನನ್ನ ಕೈ ಅಂತೂ ಅಲ್ಲ.

ತಾರವ್ವ ಕೇಳಿದಳು, "ಕೋಮಲ ಏನಂದಳ್ರಿ?" ಕೋಮಲಳಿಗೂ ಇದಕ್ಕೂ ಏನು ಸಂಬಂಧ? ಕೊಪ್ಪರಿಗೆಯ ಮೇಲೆ ಇರುವುದು ನನ್ನ ಹೆಸರು.

ಜನವರಿ 29, ಬುಧವಾರ

ಅಮಾವಾಸ್ಯೆ. ಇವತ್ತು ಗಾಣಕ್ಕೆ ರಜೆ, ಬೀಗರ ಮನೆಯವರು ದೇವರಿಗೆ ಹೋಗುತ್ತಾರೆ. ಕೋಮಲ ಒಬ್ಬಳೇ ಇರುತ್ತಾಳೆ ಎಂದು ಗೊತ್ತಿತ್ತು. ಟೆಂಪೋದಲ್ಲಿ ಮಷೀನು ಹಾಕಿಕೊಂಡು, ಮೇಲೆ ಹುಲ್ಲು ಮುಚ್ಚಿ, ಕಳ್ಳನಂತೆ ಭೋಜಕ್ಕೆ ಹೋದೆ.

ಒಲೆ ಆರಿಸಿ ಒಂದು ದಿನ ಆಗಿದ್ದರೂ ಕೊಪ್ಪರಿಗೆ ಕಾದೇ ಇತ್ತು. ದೀಪಾವಳಿಯಿಂದ ಹಗಲು ರಾತ್ರಿ ಉರಿದ ಒಲೆ. ಒಳಗೆ ಇಳಿದು ನಿಂತೆ, ಎರಡು ನಿಮಿಷಕ್ಕೆ ಚಪ್ಪಲಿಯ ಅಟ್ಟೆ ಕರಗಿ ಕೊಪ್ಪರಿಗೆಗೆ ಅಂಟಿತು. ಚಪ್ಪಲಿ ಬಿಟ್ಟು ಹಾರಿ ಹೊರಗೆ ಬಂದೆ. ಆಮೇಲೆ ಹೊರಗೆ ನಿಂತೇ ತುಕ್ಕನ್ನೆಲ್ಲ ಉಜ್ಜಿ ತೆಗೆದು, ಆ ಗೆರೆಗಳ ಮೇಲೆಯೇ ಹೊಸ ಬೆಸುಗೆ ಹಾಕಿದೆ. ಅಕ್ಷರಗಳು ಮೊದಲಿಗಿಂತ ಇಮ್ಮಡಿ ದಪ್ಪ ಆದವು. ನೋಡಿದರೆ ಕಣ್ಣು ತುಂಬುತ್ತದೆ.

ಕೋಮಲ ಚಹಾ ತಂದಳು. "ಅಪ್ಪಾ, ಮಾವಾರಿಗೆ ಹೇಳಿ ಮಾಡಿದ್ರ ಆಗತಿರ್ಲಿಲ್ಲೇನ?"

"ಹೇಳಿದ್ರ ತಪ್ಪ ಒಪ್ಪಿಕೊಂಡಂಗ ಆಗತೈತಿ."

"ಆದ್ರೇನ ಆತು?"

ಹೆಣ್ಣುಮಕ್ಕಳಿಗೆ ಧಂದೆ ತಿಳಿಯುವುದಿಲ್ಲ. ಚಪ್ಪಲಿಯ ಅವಶೇಷ ಕೆರೆದು ತೆಗೆಯಲು ಅವಳಿಗೆ ಹೇಳಿ ಬರಿಗಾಲಲ್ಲಿ ಚಿಕ್ಕೋಡಿಗೆ ಬಂದೆ. ವಿಷಯ ಇಲ್ಲಿಗೆ ಮುಗಿಯಿತು.

ಫೆಬ್ರುವರಿ 11, ಮಂಗಳವಾರ

ಮುಗಿದಿಲ್ಲ. ಕೋಮಲ ಫೋನಿಗೆ ಫೋಟೋ ಕಳಿಸಿದ್ದಾಳೆ.

ಮೊದಲು ಅಕ್ಷರಕ್ಕೆ ಎರಡು ಗೆರೆ ಇದ್ದವು. ಈಗ ನನ್ನ ಹೊಸ ಬೆಸುಗೆಯ ಆಚೆಗೊಂದು ಈಚೆಗೊಂದು, ಒಟ್ಟು ನಾಲ್ಕು. ತುಕ್ಕು ಮರಿ ಹಾಕಿದೆ. ಇನ್ನೂ ಮುಂದಿನದು ಕೇಳಬಾರದು: ಬೆಸುಗೆ ಹಾಕಿದ ಕಾವು ಒಳಮೈಗೂ ಹತ್ತುತ್ತದಲ್ಲ, ಅಲ್ಲಿಯೂ ಗೆರೆಗಳು ಮೂಡಿವೆ. ಹೊರಗೆ ಕಾಡಸಿದ್ದ ನೆಟ್ಟಗಿದ್ದಾನೆ, ಒಳಗೆ ತಿರುಗಮುರುಗ ಇದ್ದಾನೆ. ಫೋನಿನ ಮುಂದೆ ಕ್ಷೌರದ ಕನ್ನಡಿ ಹಿಡಿದು ನೋಡಿದೆ, ಸ್ಪಷ್ಟವಾಗಿ ಓದಲು ಬಂತು.

ಕೋಮಲ ಆಮೇಲೆ ಫೋನ್ ಮಾಡಿ, "ಅಪ್ಪಾ, ಇನ್ನೊಂದ ಮಾತ ಹೇಳೂದಿತ್ತು…" ಅಂದಳು. ನನಗೆ ತಲೆ ಸಿಡಿಯುತ್ತಿತ್ತು. ಶೀಟಿನ ದೋಷ ಅಂತ ಗೊತ್ತಾತು ಬಿಡು, ನಾಳೆ ನಾಡದ ನಿಪ್ಪಾಣಿಗೆ ಹೋಗಿ ಆ ಅಂಗಡಿಯವರ ಜಲ್ಮಾ ಜಾಲಾಡಸ್ತೀನಿ ಎಂದು ಇಟ್ಟುಬಿಟ್ಟೆ.

ಫೆಬ್ರುವರಿ 13, ಗುರುವಾರ

ನಿಪ್ಪಾಣಿಯಲ್ಲಿ ಇಬ್ರಾಹಿಮರ ಸ್ಟೀಲ್ ಶೀಟಿನ ಅಂಗಡಿ. ಅವರಿಗೆ ಮಂಡಿ ನೋವು, ಈಗ ಮಗಳು ತಸ್ಲೀಮ ಕೂರುತ್ತಾಳೆ. ಡಿಪ್ಲೊಮಾ ಮಾಡಿದ ಹುಡುಗಿ. ಹೋದವನೇ ಹಾಳು ಮಾಲು ಕೊಟ್ಟಿರಿ ಎಂದು ಕೂಗಾಡಿದೆ. ನಾಲ್ಕು ಗಿರಾಕಿಗಳು ತಮ್ಮ ಕೆಲಸ ಬಿಟ್ಟು ಸುತ್ತ ನಿಂತರು. ಅವಳು ನಾನು ಉಸಿರು ತೆಗೆದುಕೊಳ್ಳುವವರೆಗೂ ಕಾದು ಫೋಟೋ ಕೇಳಿದಳು. ದೊಡ್ಡದು ಮಾಡಿ ನೋಡಿದಳು.

"ಕಾಕಾ, ತುಕ್ಕ ಬೆಸಗಿ ಮ್ಯಾಲ ಇಲ್ಲ, ಬಾಜೂಕ ಐತಿ. ಶೀಟ ಖರೇನ ಐತ್ರಿ. ತಪ್ಪ ಕಾವಿಂದು."

"ಕಾವ ಕೊಡದ ಬೆಸಗಿ ಹೆಂಗ ಹಾಕೂದವ್ವಾ?"

"ಹಾಕೂ ಕಾವ ಸಣ್ಣದ್ರಿ. ಅದರ ಮ್ಯಾಲ ತಿಂಗಳಗಟ್ಲೆ ಉರಿ ಐತೆಲ್ಲಾ, ಅದ ದೊಡ್ಡದು." ಅವಳು ಮೇಜಿನ ಮೇಲಿದ್ದ ರವೆ ಉಂಡೆಯ ಡಬ್ಬಿ ತೆಗೆದು ಒಂದನ್ನು ನನ್ನ ಕೈಗೆ ಕೊಟ್ಟಳು. "ಉಕ್ಕೂ ಹಿಂಗ ಇರತೈತಿ, ಸಣ್ಣ ಸಣ್ಣ ಕಾಳ ಕೂಡಿ ಆಗಿದ್ದು. ಅದರಾಗ ಕ್ರೋಮಿಯಂ ಇರತೈತಿ. ಅದ ಮ್ಯಾಲ ತೆಳ್ಳಗ ಪದರಾ ಕಟ್ಟಿ ಕಾಯತೈತಿ, ಅದಕ್ಕ ತುಕ್ಕ ಬರೂದಿಲ್ಲ. ಭಾಳ ದಿನಾ ಕಾವ ಹತ್ತಿತಂದ್ರ ಉಕ್ಕಿನ್ಯಾಗಿನ ಇಂಗಾಲ ಹೋಗಿ ಕಾಳಿನ ಗಡಿಯೊಳಗ ಕುಂಡ್ರತೈತಿ, ಕ್ರೋಮಿಯಂನ್ನೂ ತನ್ನ ಕಡೆ ಎಳಕೋತೈತಿ. ಗಡಿ ಬಾಜೂಕ ಕಾಯಾವ್ರು ಯಾರೂ ಉಳಿಯೂದಿಲ್ಲ. ತುಕ್ಕ ಅಲ್ಲಿಂದ ಒಳಗ ಹೊಕ್ಕತೈತಿ."

"ಅಂದ್ರ ಉಕ್ಕಿನ್ಯಾಗೂ ಗಡಿ ತಂಟೆ ಐತಿ ಅಂತಿ?"

"ಐತ್ರಿ ಕಾಕಾ. ನಮ್ಮದು ಮಾತಿನ್ಯಾಗ ಮುಗೀತೈತಿ, ಅದರದು ತೂತ ಬಿದ್ದ ಮುಗೀತೈತಿ."

ಸುತ್ತ ನಿಂತವರು ಕನ್ನಡದಲ್ಲೂ ಮರಾಠಿಯಲ್ಲೂ ನಕ್ಕರು. ಅದಕ್ಕೇ ಇಂಗಾಲ ಕಡಿಮೆ ಇರುವ ಬೇರೆ ಶೀಟು ಬರುತ್ತದಂತೆ. "ನಮ್ಮ ಅಬ್ಬಾ ನಿಮಗ ಅದನ್ನ ತೋರ್ಸಿದ್ರು. ನೀವ ಬ್ಯಾಡ ಅಂದ್ರಿ."

ಅಂದಿದ್ದೆ. ಕುಡುಗೋಲಿಗೆ ಹರಿತ ಬರುವುದೇ ಇಂಗಾಲದಿಂದ ಎಂದು ಅಪ್ಪ ಹೇಳುತ್ತಿದ್ದ. ಇಂಗಾಲ ಕಡಿಮೆ ಇರುವ ಉಕ್ಕು ಉಪ್ಪಿಲ್ಲದ ಸಾರು ಎಂದು ನಾನೇ ಇಬ್ರಾಹಿಮರಿಗೆ ಪಾಠ ಮಾಡಿ ಬಂದಿದ್ದೆ. ಆದರೆ ನನ್ನ ಅಪ್ಪ ಕುಲುಮೆ ಮುಂದೆ ಐವತ್ತು ವರ್ಷ ಕೂತವನು, ಈ ಹುಡುಗಿ ಫ್ಯಾನಿನ ಕೆಳಗೆ ಎರಡು ವರ್ಷ ಕೂತವಳು. ಅವಳು ಹೇಳಿದ್ದು ಸುಳ್ಳೆಂದು ತೋರಿಸಲು ಆ ಶೀಟಿನದೇ ಒಂದು ತುಂಡು ಬೇಡಿಕೊಂಡು ಬಂದಿದ್ದೇನೆ. ರವೆ ಉಂಡೆ ಚೆನ್ನಾಗಿತ್ತು.

ಫೆಬ್ರುವರಿ 14, ಶುಕ್ರವಾರ

ನನ್ನ ಶೀಟಿನದೊಂದು ಪಟ್ಟಿ, ಅವಳ ಶೀಟಿನದೊಂದು ಪಟ್ಟಿ. ಎರಡಕ್ಕೂ ನಡುವೆ ಬೆಸುಗೆ ಹಾಕಿ ಅಪ್ಪನ ಹಳೆಯ ಕುಲುಮೆಯ ಕೆಂಡದಲ್ಲಿ ಹೂತಿಟ್ಟೆ. ಹತ್ತು ದಿನ ಬೆಂಕಿ ಆರಬಾರದು. ಅಂಗಡಿಯ ಕೆಲಸ ಬಿಟ್ಟು ಇದ್ದಿಲು ಹಾಕುತ್ತಾ ಕೂತಿದ್ದೇನೆ. ರಾಯಬಾಗದಿಂದ ಒಬ್ಬರು ಗೇಟು ಮಾಡಿಸಲು ಬಂದು, ನನ್ನ ಮುಖ ನೋಡಿ, ಹೊರಟುಹೋದರು.

ಫೆಬ್ರುವರಿ 24, ಸೋಮವಾರ

ಕಾಸುವುದು ಮುಗಿಯಿತು. ಇನ್ನು ತುಕ್ಕಿಗೆ ಬಿಡಬೇಕು. ಉಪ್ಪು ಬೇಕು, ಹುಳಿ ಬೇಕು, ದಿನಗಟ್ಟಲೆ ನೆನೆಯಬೇಕು. ಇಡೀ ಮನೆ ಹುಡುಕಿದೆ. ಅಡುಗೆಮನೆಯ ಮಾಡದಲ್ಲಿ ತಾರವ್ವನ ನಿಂಬೆಕಾಯಿ ಉಪ್ಪಿನಕಾಯಿಯ ಭರಣಿ ಇತ್ತು. ದೇವರೇ ತೋರಿಸಿದ. ಎರಡೂ ಪಟ್ಟಿಗಳನ್ನು ತಳಕ್ಕೆ ಒತ್ತಿ ಮೇಲೆ ನಿಂಬೆಹೋಳು ಮುಚ್ಚಿದೆ. ತಾರವ್ವನಿಗೆ ಹೇಳಿಲ್ಲ.

ಮಾರ್ಚ್ 2, ಭಾನುವಾರ

ತಾರವ್ವನ ತಮ್ಮ ಬಸವಂತ ಅಥಣಿಯಿಂದ ಬಂದಿದ್ದ. ಊಟಕ್ಕೆ ಉಪ್ಪಿನಕಾಯಿ ಬಡಿಸುವಾಗ ಒಂದು ಪಟ್ಟಿ ಸೌಟಿನ ಜೊತೆ ಎದ್ದು ಅವನ ತಾಟಿಗೆ ಟಣ್ ಎಂದು ಬಿತ್ತು. ಅವನು ಎತ್ತಿ ಹಿಡಿದು, "ಅಕ್ಕಾ, ರಕ್ತ ಕಡಿಮಿ ಆದವ್ರಿಗೆ ಕಬ್ಬಿಣದ ಅಂಶ ಚಲೊ ಅಂತಾರ ಖರೆ, ಇಷ್ಟ ದೊಡ್ಡದೇನ?" ಅಂದ.

ನಾನು ಪಟ್ಟಿ ಕಸಿದುಕೊಂಡು ಭರಣಿಗೆ ಮರಳಿ ಹಾಕಿದೆ. ತಾರವ್ವ ಎರಡು ತಾಸು ಬೈದಳು. ಮಾರ್ಚ್ ಹನ್ನೆರಡರವರೆಗೆ ಭರಣಿ ಮುಟ್ಟಬಾರದು ಎಂದು ಒಪ್ಪಿಸಲು ಅವಳಿಗೆ ಹೊಸ ಭರಣಿ, ಐವತ್ತು ನಿಂಬೆಕಾಯಿ ಮತ್ತು ಭೋಜಕ್ಕೆ ಒಂದು ಸಲ ಕರೆದುಕೊಂಡು ಹೋಗುವುದು, ಇಷ್ಟಕ್ಕೆ ಮಾತು ಕೊಡಬೇಕಾಯಿತು. ಮಗಳನ್ನು ನೋಡಬೇಕಂತೆ. ಅಲ್ಲಿ ಹೋದರೆ ಕೊಪ್ಪರಿಗೆ ನೋಡಬೇಕಾಗುತ್ತದೆ, ಆದ್ದರಿಂದ ಮೊದಲಿನೆರಡು ಕೊಡಿಸಿದೆ.

ಮಾರ್ಚ್ 12, ಬುಧವಾರ

ಅವಳ ಪಟ್ಟಿ ತೊಳೆದರೆ ಹೊಳೆಯುತ್ತದೆ. ನನ್ನ ಪಟ್ಟಿಯಲ್ಲಿ ಬೆಸುಗೆಯ ಎರಡೂ ಪಕ್ಕಕ್ಕೆ ಕೆಂಪು ಗೆರೆ. ಬಾಗಿಸಿ ನೋಡಿದೆ, ಗೆರೆಯ ಮೇಲೆ ಬಿರುಕು ಬಿಟ್ಟಿತು.

ತಪ್ಪು ನನ್ನ ಕೈಯದಲ್ಲದಿದ್ದರೆ ನನ್ನ ತಲೆಯದು.

ಮಾರ್ಚ್ 13, ಗುರುವಾರ

ತಸ್ಲೀಮಳಿಗೆ ಫೋನ್ ಮಾಡಿದೆ. "ಯಾವುದ ತುಕ್ಕ ಹಿಡೀತ್ರಿ ಕಾಕಾ?" ಎಂದು ಕೇಳಿದಳು. ರೇಂಜ್ ಇಲ್ಲ ಎಂದು ಇಟ್ಟೆ. ಒಂದು ತಾಸು ಬಿಟ್ಟು ಮತ್ತೆ ಮಾಡಿ, ನನ್ನದು ಅಂದೆ. ಅವಳು ನಗಲಿಲ್ಲ. ಬೆಸೆದಾದ ಮೇಲೆ ಉಳಿಯುವ ನೀಲಿ ಬಣ್ಣ ಪೂರ್ತಿ ತೆಗೆಯಬೇಕು, ಕಬ್ಬಿಣದ ಬ್ರಷ್ ಮುಟ್ಟಿಸಬಾರದು, ಬೆಂಕಿಯ ಕಡೆ ಎಷ್ಟು ಕಡಿಮೆ ಬೆಸುಗೆ ಇದ್ದರೆ ಅಷ್ಟು ಒಳ್ಳೆಯದು ಎಂದು ನಿಧಾನವಾಗಿ ಹೇಳಿದಳು. ನಾನು ಇದೇ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದುಕೊಂಡೆ.

"ಬೆಂಕಿ ಕಡೆ ಹೆಸರ ಬರೀಬಹುದೇನವ್ವಾ?" ಎಂದು ಕೇಳಿದೆ.

"ಯಾರ ಹೆಸರ್ರಿ?"

ಮತ್ತೆ ರೇಂಜ್ ಹೋಯಿತು.

ಮಾರ್ಚ್ 17, ಸೋಮವಾರ

ಕೊಪ್ಪರಿಗೆ ಸೋರುತ್ತಿದೆ. ಕೋಮಲ ಬೆಳಿಗ್ಗೆ ಫೋನ್ ಮಾಡಿದಳು. 'ದ್ದ' ಅಕ್ಷರದ ಹೊಟ್ಟೆಯಲ್ಲಿ ಸೂಜಿ ಮೊನೆಯಷ್ಟು ತೂತು, ಅಲ್ಲಿಂದ ಕಾದ ಪಾಕ ತೊಟ್ಟಿಕ್ಕಿ ಬೆಂಕಿಗೆ ಬೀಳುತ್ತಿದೆಯಂತೆ. ಊರಿಗೆಲ್ಲ ಘಮ ಘಮ ವಾಸನೆ. ಬೀಗರು ಕಣಕದ ಹಿಟ್ಟು ಮೆತ್ತಿ ಮೆತ್ತಿ ಗಾಣ ನಡೆಸಿದ್ದಾರೆ. ಹಿಟ್ಟು ಬೆಂದು ಬಿದ್ದರೆ ಮತ್ತೆ ಮೆತ್ತುತ್ತಾರೆ.

"ನನಗ ಯಾಕ ಫೋನ್ ಮಾಡಲಿಲ್ಲ ಅವರು?"

"ನಿನಗ ಹೇಳಬ್ಯಾಡ ಅಂದಾರ." ಆಮೇಲೆ, "ಅಪ್ಪಾ, ಒಮ್ಮೆ ಬಾ" ಅಂದಳು.

ಮಾರ್ಚ್ 18, ಮಂಗಳವಾರ

ಭೋಜದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಧೈರ್ಯ ತಂದುಕೊಳ್ಳಲು ಬಾಬಾಸಾಹೇಬನ ಚಹಾ ಅಂಗಡಿಯಲ್ಲಿ ಕೂತೆ. ಅವನಿಗೆ ನನ್ನ ಗುರುತಿಲ್ಲ. ರಾವಸಾಹೇಬರ ಗಾಣಕ್ಕೆ ಹೊರಟಿದ್ದೇನೆ ಎಂದದ್ದೇ ಅವನೂ ಗಿರಾಕಿಗಳೂ ನಗತೊಡಗಿದರು.

"ಆ ಸುಟ್ಟ ರಾವಸಾಹೇಬನ ಕಡೇನ್ರಿ? ಬೀಗರು ಬಂಗಾರದಂಥಾ ಕೊಪ್ಪರಿಗಿ ಕೊಟ್ಟಿದ್ರು. ಈ ಪುಣ್ಯಾತ್ಮ ಅದನ್ನ ಖಾಲಿ ಬೆಂಕಿ ಮ್ಯಾಲ ಬಿಟ್ಟ ಮಲಗಿದ್ನಂತ. ನಲವತ್ತ ವರ್ಷ ಗಾಣಾ ನಡಸಿದಾಂವ! ಸಣ್ಣ ಹುಡುಗ್ರು ಸೈತ ಅವನ ಕಂಡ್ರ 'ಕೊಪ್ಪರಿಗಿ ನೋಡಕೋರಿ' ಅಂತ ಒದರತಾವು."

"ಯಾರ ಹೇಳಿದ್ರು ಹಂಗಂತ?"

"ತಾನ ಹೇಳ್ಯಾನ್ರಿ. ಇದ ಕಟ್ಟಿ ಮ್ಯಾಲ ಕುಂತ ಹೇಳ್ಯಾನ."

ನನಗೆ ನಾಚಿಕೆಯಾಯಿತು. ಎರಡು ತಿಂಗಳಿಂದ ನನ್ನ ಹೆಸರು ಹೋದೀತೆಂದು ನಾನು ಕಬ್ಬಿನಲ್ಲಿ ಅಡಗಿದ್ದೆ, ಹುಲ್ಲಿನಡಿ ಮಷೀನು ಮುಚ್ಚಿಟ್ಟಿದ್ದೆ, ಉಪ್ಪಿನಕಾಯಿ ಕೆಡಿಸಿದ್ದೆ. ಅಷ್ಟರಲ್ಲಿ ಆ ಮನುಷ್ಯ ತನ್ನ ಹೆಸರನ್ನು ಎತ್ತಿ ಒಲೆಗೆ ಹಾಕಿಬಿಟ್ಟಿದ್ದಾರೆ. ಗಾಣಕ್ಕೆ ಹೋಗುವ ಮುಖ ಉಳಿಯಲಿಲ್ಲ. ಬಂದ ಬಸ್ಸಿಗೇ ವಾಪಸು ಹತ್ತಿದೆ.

ಮಾರ್ಚ್ 20, ಗುರುವಾರ

ತಸ್ಲೀಮಳ ಅಂಗಡಿಯಿಂದ ಇಂಗಾಲ ಕಡಿಮೆ ಇರುವ ಶೀಟು ತಂದೆ. ಇಬ್ರಾಹಿಮರೇ ಎದ್ದು ಬಂದು ಶೀಟಿನ ಮೇಲೆ ಕೈಯಾಡಿಸಿ, "ಇದು ಉಪ್ಪಿಲ್ಲದ ಸಾರ ಐತಿ ನೋಡ್ರಿ, ನಡೀತೈತಿಲ್ಲೋ?" ಅಂದರು. ಬೈಸಿಕೊಂಡೆ.

ಮಾರ್ಚ್ 25, ಮಂಗಳವಾರ

ಹೊಸ ಕೊಪ್ಪರಿಗೆಯನ್ನು ಒಂದೊಂದು ಗೇಣು 'ಹೌದೋ ಅಲ್ಲವೋ' ಎಂದು ನೋಡಿ ಬೆಸೆಯುತ್ತಿದ್ದೇನೆ. ತಸ್ಲೀಮಳಿಗೆ ದಿನಕ್ಕೆ ಮೂರು ಸಲ ಫೋಟೋ ಹೋಗುತ್ತದೆ. ಎರಡು ಸಲ ಬಿಚ್ಚಿಸಿದಳು. ಕಾಗವಾಡದ ದ್ರಾಕ್ಷಿ ತೋಟದವರು ಟ್ಯಾಂಕ್ ಮಾಡಿಸಲು ಬಂದಿದ್ದರು, ಎಷ್ಟು ವರ್ಷ ಗ್ಯಾರಂಟಿ ಎಂದು ಕೇಳಿದರು. ಬಳಸಿ ನೋಡ್ರಿ, ಏನರ ಆದ್ರ ಬಂದ ಹೇಳ್ರಿ ಅಂದೆ. ಅಡ್ವಾನ್ಸ್ ಕೊಟ್ಟು ಹೋದರು. ತಾರವ್ವ ಹಣೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದಳು.

ಮಾರ್ಚ್ 29, ಶನಿವಾರ

ಅಮಾವಾಸ್ಯೆ. ನಾಳೆ ಯುಗಾದಿ. ಹೊಸ ಕೊಪ್ಪರಿಗೆಯನ್ನು ಟೆಂಪೋದಲ್ಲಿ ಹಾಕಿ, ಮೇಲೆ ಹುಲ್ಲು ಮುಚ್ಚದೆ, ತಾರವ್ವನನ್ನು ಮುಂದೆ ಕೂರಿಸಿಕೊಂಡು ಭೋಜಕ್ಕೆ ಹೋದೆ. ಗಾಡಿ ನೇರ ಬಾಬಾಸಾಹೇಬನ ಚಹಾ ಅಂಗಡಿಯ ಮುಂದೆ ನಿಲ್ಲಿಸಿದೆ. ರಜೆಯಾದ್ದರಿಂದ ಕಟ್ಟೆ ತುಂಬಿತ್ತು. ಟೆಂಪೋ ಹತ್ತಿ ನಿಂತೆ.

"ಎಲ್ಲಾರೂ ಕೇಳ್ರಿ. ನಾ ಕಾಡಸಿದ್ದ, ರಾವಸಾಹೇಬರ ಬೀಗ. ಅವರು ಕೊಪ್ಪರಿಗಿ ಸುಟ್ಟಿಲ್ಲ. ತುಕ್ಕ ಹಿಡದದ್ದು ನನ್ನ ತಪ್ಪ. ಬೆಂಕಿ ಕಡೆ ಹೆಸರ ಬರದೆ, ಶೀಟ ತಪ್ಪ ತಂದೆ, ಮ್ಯಾಲ ಮತ್ತ ಬೆಸಗಿ ಹಾಕಿ ಕೆಡಿಸಿದೆ."

ಬಾಬಾಸಾಹೇಬ ಚಹಾದ ಸೌಟು ಎತ್ತಿ, "ನೋಡ್ರಿ, ಬೀಗರಂದ್ರ ಹಿಂಗಿರಬೇಕ! ಅಂವ ಸುಟ್ಟಾನ, ಇವರು ತಮ್ಮ ಮ್ಯಾಲ ಹಾಕ್ಕೊಳ್ಳಾಕತ್ತಾರ" ಅಂದ. ಚಪ್ಪಾಳೆ ಬಿತ್ತು. "ವಾ ಪಾವಣೇರ, ವಾ ಬೀಗರ!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಬ್ಬರು ತಮಗೂ ಇಂಥದೊಂದು ಕೊಪ್ಪರಿಗೆ ಬೇಕು ಎಂದು ಫೋನ್ ನಂಬರ್ ಕೇಳಿದರು.

ನಾನು ಇಲ್ಲ ಇಲ್ಲ ಎಂದಷ್ಟೂ ನನ್ನ ಮರ್ಯಾದೆ ಏರುತ್ತಲೇ ಹೋಯಿತು. ಕಡೆಗೆ ಜೇಬಿನಿಂದ ಆ ಎರಡು ಪಟ್ಟಿ ತೆಗೆದು, ಇದು ತುಕ್ಕು ಹಿಡಿದದ್ದು, ಇದು ಹಿಡಿಯದ್ದು ಎಂದು ತೋರಿಸಿದೆ. ಕೈಯಿಂದ ಕೈಗೆ ಹೋದವು. ಒಬ್ಬ ಮುದುಕ ಮೂಸಿ, ನಾಲಿಗೆ ತಾಗಿಸಿ, "ಉಪ್ಪ ಬರೋಬರಿ ಐತಿ" ಅಂದ.

ಅಷ್ಟರಲ್ಲಿ ರಾವಸಾಹೇಬರು ಮೋಟರ್‌ಸೈಕಲ್ ಮೇಲೆ ಧಾವಿಸಿ ಬಂದರು. ಹಿಂದಿನ ಸೀಟಿನಲ್ಲಿ ಕೋಮಲ. ಯಾರೋ ಫೋನ್ ಹಚ್ಚಿದ್ದರು.

"ಏನ ನಡಸೀರಿ ಬೀಗರ ಇಲ್ಲೆ? ಇಳೀರಿ ಕೆಳಗ. ಕೊಪ್ಪರಿಗಿ ಸುಟ್ಟಾಂವ ನಾ."

"ಇಲ್ಲರಿ, ಕೆಡಿಸಿದಾಂವ ನಾ."

"ನಲವತ್ತ ವರ್ಷ ಗಾಣಾ ನಡಸೇನಿ, ನನಗ ಒಂದ ಕೊಪ್ಪರಿಗಿ ಸುಡಾಕ ಬರೂದಿಲ್ಲೇನ್ರಿ?"

"ಮೂವತ್ತ ವರ್ಷ ಬೆಸಗಿ ಹಾಕೇನಿ, ನನಗ ಕೆಡಸಾಕ ಬರೂದಿಲ್ಲೇನ್ರಿ?"

"ನಾ ಮಲಗಿದ್ದೆ!"

"ನಾ ಎದ್ದಿದ್ದೆ, ಎದ್ದ ಕೆಡಿಸೇನಿ!"

ಕಟ್ಟೆಯ ಮಂದಿ ಎರಡು ಪಾರ್ಟಿ ಆದರು. ಕೆಲವರು ಅವರ ತಪ್ಪೆಂದರು, ಕೆಲವರು ನನ್ನದೆಂದರು, ಚಹಾ ಜೋರಾಗಿ ಖರ್ಚಾಯಿತು. ಆಗ ರಾವಸಾಹೇಬರು ಮುಂಡಾಸು ತೆಗೆದು ಟೆಂಪೋದ ಮೇಲೆ ಬಡಿದರು.

"ಲೇ ಕಾಡ್ಯಾ! ಬಾಯಿ ಮುಚ್ಚ!"

ನಮ್ಮ ಕಡೆ ಬೀಗರು ಬೀಗರಿಗೆ 'ಲೇ' ಅಂದರೆ ಸಂಬಂಧ ಮುರಿದ ಹಾಗೆ. ತಾರವ್ವ ಎದೆ ಹಿಡಿದುಕೊಂಡಳು.

"ಎಲ್ಲಾ ಹಾಳ ಮಾಡಿದಿ" ಅಂದರು ರಾವಸಾಹೇಬರು. "ನನಗ ಹುಚ್ಚ ಅಂದ್ರ ಏನ ಹೋಗತೈತಿ? ನಾ ಇಲ್ಲೇ ಹುಟ್ಟೇನಿ, ಇಲ್ಲೇ ಸಾಯಾಂವ. ನಿನ್ನ ಮಗಳು ಹೊಸದಾಗಿ ಬಂದಾಳ. ನಲ್ಲಿಗೆ ನೀರಿಗೆ ಹ್ವಾದ್ರ 'ನಿಮ್ಮಪ್ಪನ ಹೆಸರ ಕೆಂಪಗ ಆಗೇತಂತಲ್ಲ' ಅಂತ ಹೆಂಗಸ್ರು ನಗತಿದ್ರು. ಎರಡ ದಿನಾ ಉಣಲಿಲ್ಲ ಅಕಿ. ಅದಕ್ಕ ನಾ ಸುಟ್ಟೇನಿ ಅಂತ ಹೇಳಿದೆ. ನೀ ನೋಡಿದ್ರ ನಿನ್ನ ಹೆಸರ ಹಿಡಕೊಂಡ ಕುಂತಿ, ಆವಾಗೂ, ಈಗೂ."

ಮುದುಕ ಪಟ್ಟಿಯನ್ನು ಮೆಲ್ಲಗೆ ಟೆಂಪೋದಲ್ಲಿ ಇಟ್ಟ.

ಕೋಮಲ ಮೋಟರ್‌ಸೈಕಲ್ ಹಿಡಿದು ನಿಂತಿದ್ದಳು. ತೆಳ್ಳಗಾಗಿದ್ದಾಳೆ. ಜನವರಿಯಿಂದ ಅವಳ ಕೈಯಲ್ಲಿ ಚಹಾ ಕುಡಿದೆ, ಅಟ್ಟೆ ಕೆರೆಸಿದೆ, ಫೋಟೋ ತೆಗೆಸಿದೆ, ತುಕ್ಕು ಹೇಗಿದೆ ಎಂದು ನೂರು ಸಲ ಕೇಳಿದೆ. ಆ ದಿನ ಫೋನಿನಲ್ಲಿ ಅವಳು ಹೇಳಹೊರಟಿದ್ದ ಇನ್ನೊಂದು ಮಾತು ಇದೇ ಇರಬೇಕು. ಟೆಂಪೋದಿಂದ ಇಳಿದು ಅವಳ ಹತ್ತಿರ ಹೋದೆ.

"ಹೆಂಗದೀ ಅವ್ವಾ?"

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಕೇಳಾಕ ಬಂದಿ?" ಅಂದಳು. ಆಮೇಲೆ ನಕ್ಕಳು. ಆಮೇಲೆ ಅತ್ತಳು. ತಾರವ್ವ ಬಂದು ನನ್ನನ್ನು ಪಕ್ಕಕ್ಕೆ ಸರಿಸಿ ಮಗಳನ್ನು ಹಿಡಿದುಕೊಂಡಳು.

ಮಧ್ಯಾಹ್ನ ಗಾಣದಲ್ಲಿ ಹಳೆಯದನ್ನು ಇಳಿಸಿ ಹೊಸ ಕೊಪ್ಪರಿಗೆ ಏರಿಸಿದೆವು. ಅಮಿತ ಒಂದು ಕಡೆ, ಆಳುಗಳು ಎರಡು ಕಡೆ. ರಾವಸಾಹೇಬ ಅಲ್ಲಿಯವರೆಗೂ ನನ್ನ ಜೊತೆ ಒಂದು ಮಾತಾಡಿರಲಿಲ್ಲ. ನಾಲ್ಕನೆಯ ಕಡೆ ಯಾರೂ ಇಲ್ಲದೆ ಕೊಪ್ಪರಿಗೆ ವಾಲಿತು.

"ಏನ ನೋಡಕೋತ ನಿಂತಿಲೇ ಕಾಡ್ಯಾ, ಹಿಡಿ ಆ ಕಡೆ" ಅಂದ.

ಹಿಡಿದೆ.